ಹಾಲೆಂಡಮ್ಮ ಹೇಳದ ಪ್ಯಾರಾ

ನಾರಾಯಣಗೂಡದ ಒಂದು ಕೋಚಿಂಗ್ ಸೆಂಟರಿನ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಕೆಳಗೆ ಇಂಟರ್, ಅಂದರೆ ನಮ್ಮ ಪಿಯುಸಿ, ಓದುವವರು ಫಾರ್ಮುಲಾಗಳನ್ನು ಒಟ್ಟಾಗಿ ಒದರುತ್ತಿದ್ದರು. ಮೇಲೆ ನಾವೊಂದಿಷ್ಟು ಹೆಣ್ಣುಮಕ್ಕಳು ಹೆಡ್‌ಫೋನ್ ಹಾಕಿಕೊಂಡು, ಪರದೇಶದವರು ಇಂಗ್ಲಿಷಿನಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸಿದ್ದನ್ನು ಟೈಪ್ ಮಾಡುತ್ತಿದ್ದೆವು. ಊರಿನ ಆ ಕಡೆ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಆ ಸಂಭ್ರಮದಲ್ಲಿ ನಮ್ಮದು ಚಿಲ್ಲರೆ ಪಾಲು. ಉಳಿದವರಿಗೆ ಡಾಕ್ಟರುಗಳು ಸಿಕ್ಕಿದ್ದರು, ಇಡೀ ದಿನ ಕಿಡ್ನಿ, ಪಿತ್ತಕೋಶ. ನನಗೆ ಸಿಕ್ಕವಳು ಹಾಲೆಂಡಿನ ಒಬ್ಬ ವಕೀಲೆ. ಗೆಳತಿಯರು ಆಕೆಗೆ ಹಾಲೆಂಡಮ್ಮ ಎಂದು ಹೆಸರಿಟ್ಟರು.

ಆಕೆಯದು ಬಂದರಿನ ಊರು. ಹಡಗುಗಳಲ್ಲಿ, ಗೋದಾಮುಗಳಲ್ಲಿ ದುಡಿಯಲು ಬೇರೆ ದೇಶಗಳಿಂದ ಬಂದವರು ಆಕೆಯ ಕಕ್ಷಿದಾರರು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಪರವಾನಗಿ ಬೇಕೆಂದು ಬಂದವರು. ಅವರಿಗೆ ಡಚ್ ಬಾರದ್ದರಿಂದ ಪತ್ರಗಳು ಇಂಗ್ಲಿಷಿನಲ್ಲಿ. ಆಕೆ ಕಿಟಕಿ ತೆರೆದಿಟ್ಟುಕೊಂಡು ಮಾತಾಡುತ್ತಿದ್ದಳು. ಮಾತಿನ ಹಿಂದೆ ಕಡಲಹಕ್ಕಿ, ಸೈಕಲ್ ಗಂಟೆ, ಮಳೆ. ರೆಕಾರ್ಡಿಂಗ್ ಓಡಿಸುವ ಕಾಲಡಿಯ ಪೆಡಲ್ ಒತ್ತಿದರೆ ಆ ಊರು ತೆರೆದುಕೊಳ್ಳುತ್ತಿತ್ತು, ಎತ್ತಿದರೆ ನಿಂತುಹೋಗುತ್ತಿತ್ತು. ಏಪ್ರಿಲ್ ಮಧ್ಯಾಹ್ನ ಹೊರಗೆ ಟಾರು ಕರಗುವಾಗಲೂ ನನ್ನ ಕಿವಿಯಲ್ಲಿ ಸಣ್ಣಗೆ ಮಳೆ ಬೀಳುತ್ತಿತ್ತು. ಒಮ್ಮೊಮ್ಮೆ ಛತ್ರಿ ಇಲ್ಲವಲ್ಲ ಎಂದು ಗಾಬರಿಯಾಗಿ ಎಚ್ಚೆತ್ತುಕೊಂಡದ್ದೂ ಉಂಟು.

ನಾನೂ ಕಾನೂನು ಓದಿದವಳೇ. ಕಲಿಯುವಾಗ ಒಬ್ಬ ಹಿರಿಯ ವಕೀಲರ ಹಿಂದೆ ಕೋರ್ಟಿಗೆ ಹೋಗಿದ್ದೆ. ಜಡ್ಜ್ ಸಾಹೇಬರು ನನ್ನ ಕಡೆ ತಿರುಗಿ ಒಂದು ಸಣ್ಣ ಪ್ರಶ್ನೆ ಕೇಳಿದರು. ಬಾಯಿಂದ ಒಂದಕ್ಷರ ಹೊರಡಲಿಲ್ಲ. ಅವತ್ತಿನಿಂದ ಡಿಗ್ರಿ ಟ್ರಂಕಿನ ತಳ ಸೇರಿತ್ತು, ವಕೀಲಿಯ ಸನದು ಮಾಡಿಸುವ ಮಾತೆತ್ತಿದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಬಾಲಾನಗರದ ಕಾರ್ಖಾನೆಯಿಂದ ನಿವೃತ್ತರಾಗಿದ್ದ ಅಪ್ಪ ಮಾತ್ರ ಬಿಡಲೊಲ್ಲರು.

"ಎಷ್ಟ ದಿನಾ ಅಂತ ಕಿವಿಗೆ ಅದನ್ನ ಸಿಕ್ಕಿಸ್ಕೊಂಡು ಕುಂಡ್ರತಿ? ಕೋರ್ಟಿನ್ಯಾಗ ನಿಂತ್ರ ವಕೀಲಿ ಬರತೈತಿ."

"ಇಕಿ ಹತ್ರ ಕಲಿಯಾಕತ್ತೀನ್ರೀ ಅಪ್ಪಾ. ಇನ್ನೊಂದ ಸ್ವಲ್ಪ ದಿನಾ."

ಸುಳ್ಳಲ್ಲ, ಕಲಿಯುತ್ತಲೇ ಇದ್ದೆ. ಆಕೆಗೊಂದು ಪದ್ಧತಿಯಿತ್ತು. ಪ್ರತಿ ಪತ್ರದಲ್ಲೂ ತನ್ನ ವಾದಕ್ಕಿಂತ ಮೊದಲು ಎದುರು ಪಕ್ಷದ ವಾದಕ್ಕೆ ಒಂದಿಡೀ ಪ್ಯಾರಾ. ಅದೂ ಕಾಟಾಚಾರಕ್ಕಲ್ಲ, ಅವರ ವಕೀಲರೇ ಹೇಳಲಾರದಷ್ಟು ಚೆಂದ ಮಾಡಿ ಹೇಳುತ್ತಿದ್ದಳು. ಟೈಪ್ ಮಾಡುತ್ತಾ, ಅಯ್ಯೋ, ಈ ಸಲ ಸೋತಳು ಎಂದು ನನಗೆ ಅನಿಸಬೇಕು, ಹಾಗೆ. ಆಮೇಲೆ ಒಂದು ಉಸಿರು ತೆಗೆದುಕೊಂಡು ತನ್ನ ಮಾತು ಶುರು. ಇಷ್ಟು ನ್ಯಾಯವಾಗಿ ಮಾತಾಡುವುದು ಸಾಧ್ಯವಿದ್ದರೆ ನಾನೂ ಒಂದು ದಿನ ಎದ್ದು ನಿಲ್ಲಬಹುದು ಅನ್ನಿಸುತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರ್ ಬೈದರೆ ಮನಸ್ಸಿನಲ್ಲೇ ಮೊದಲು ಅವನ ಪರವಾಗಿ ವಾದಿಸುತ್ತಿದ್ದೆ. ಅಷ್ಟರಲ್ಲಿ ನನ್ನ ಸ್ಟಾಪು ಹಿಂದೆ ಹೋಗಿರುತ್ತಿತ್ತು.

ಆಕೆ ಚುನಾವಣೆಗೆ ನಿಂತಳು, ಗೆದ್ದು ದೇಶದ ಸಂಸತ್ತಿಗೆ ಹೋದಳು. ನಾನು ಆಫೀಸಿಗೆಲ್ಲ ಪೇಢೆ ಹಂಚಿದೆ. ಸೂಪರ್‌ವೈಜರ್ ಮೇಡಂ ಪೇಢೆ ಬಾಯಿಗಿಟ್ಟುಕೊಂಡು, "ಮೀ ಚುಟ್ಟಾಲಾ ಅಮ್ಮಾ?" ಎಂದರು. ತೆಲುಗಿನಲ್ಲಿ, ನಿಮ್ಮ ನೆಂಟರೇನಮ್ಮ ಎಂದು. ಹೌದು ಎನ್ನಬೇಕೆನಿಸಿತ್ತು.

ಹೊರದೇಶದವರಿಗಾಗಿ ತನ್ನ ಭಾಷಣಗಳನ್ನು ಆಕೆ ಇಂಗ್ಲಿಷಿನಲ್ಲೂ ಹೇಳಿ ನಮಗೇ ಕಳಿಸುತ್ತಿದ್ದಳು. ಆದರೆ ಹಿಂದಿನ ಮಳೆ ನಿಂತುಹೋಗಿತ್ತು. ಈಗ ಕೇಳುತ್ತಿದ್ದದ್ದು ಮುಚ್ಚುವ ಬಾಗಿಲುಗಳು, ಯಾರದೋ ಪಿಸುಮಾತು. ಎದುರಿನವರ ಪ್ಯಾರಾ ಮೊದಮೊದಲು ಇರುತ್ತಿತ್ತು. ಬರಬರುತ್ತಾ ಮೂರು ಸಾಲಾಯಿತು, ಆಮೇಲೆ ಒಂದು.

ಒಂದು ದಿನ ಬಂದ ಭಾಷಣ ಕೇಳಿ ಬೆರಳು ನಿಂತವು. ಪರದೇಶದ ಕೆಲಸಗಾರರು ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದನ್ನು ಬಿಗಿ ಮಾಡುವ ಕಾಯಿದೆ. ಆಕೆ ಅದರ ಪರ ಮಾತಾಡುತ್ತಿದ್ದಳು. ಎದುರು ಪಕ್ಷದ ಪ್ಯಾರಾ ಇರಬೇಕಾದಲ್ಲಿ ಬರೀ ಒಂದು ಉಸಿರು. ಪೆಡಲ್ ಒತ್ತಿ ಹಿಂದಕ್ಕೆ ಹೋಗಿ ನಾಲ್ಕು ಸಲ ಕೇಳಿದೆ. ಉಸಿರು, ಅಷ್ಟೇ.

ನಮ್ಮ ಕೆಲಸಕ್ಕೆ ಒಂದೇ ನಿಯಮ: ಕೇಳಿದ್ದನ್ನು ಟೈಪ್ ಮಾಡು, ಕೇಳದ್ದನ್ನು ಖಾಲಿ ಬಿಡು. ನಾನು ಆ ಖಾಲಿ ಜಾಗದಲ್ಲಿ ಒಂದು ಪ್ಯಾರಾ ಬರೆದೆ. ಬರೆದೆನೇನು, ಆಕೆಯ ಹಳೇ ಪತ್ರಗಳ ಮಾತೇ ಬೆರಳಿಗೆ ಬಂತು. ಮಗಳನ್ನು ಫೋಟೋದಲ್ಲಷ್ಟೇ ನೋಡಿದ್ದ ಒಬ್ಬ ವೆಲ್ಡರ್‌ಗಾಗಿ ಆಕೆ ಹಿಂದೆ ಹೇಳಿದ್ದ ಮಾತು. ಮರೆತಿದ್ದಾಳೆ, ಓದಿದರೆ ನೆನಪಾಗುತ್ತದೆ ಎಂದುಕೊಂಡೆ. ಆಕೆಯೇ ಮರೆತರೆ ನಾನು ಯಾರನ್ನು ನಂಬಿ ಕೋರ್ಟಿನ ಮೆಟ್ಟಿಲು ಹತ್ತಲಿ? ಕಳಿಸಿಬಿಟ್ಟೆ.

ಎರಡು ದಿನ ಆಕೆಯಿಂದ ಯಾವ ಫೈಲೂ ಬರಲಿಲ್ಲ. ಮೂರನೇ ದಿನ ಅರ್ಧ ನಿಮಿಷದ ಒಂದು ಫೈಲು ಬಂತು. ಪೆಡಲ್ ಒತ್ತಿದೆ.

"ಟೈಪ್ ಮಾಡುವವರಿಗೆ. ಎರಡನೇ ಪ್ಯಾರಾ ನಾನು ಹೇಳಿದ್ದಲ್ಲ."

ಇಷ್ಟು ವರ್ಷಗಳಲ್ಲಿ ಆಕೆ ನನ್ನೊಡನೆ ಮಾತಾಡಿದ್ದು ಅದೇ ಮೊದಲು. ಮುಂದೆ ಬರೀ ಒಂದು ಉಸಿರು. ಫೈಲು ಮುಗಿಯಿತೇನೋ ಅಂದುಕೊಂಡೆ.

"ಅದು ಸರಿಯಾಗಿದೆ," ಎಂದಳು ಆಮೇಲೆ, ಹಳೆಯ ದನಿಯಲ್ಲಿ. "ತೆಗೆದುಬಿಡಿ. ಫುಲ್‌ಸ್ಟಾಪ್."

ತೆಗೆದೆ. ಒಂದೊಂದೇ ಅಕ್ಷರ ಹಿಂದಕ್ಕೆ ಅಳಿಸುತ್ತಾ ಹೋದೆ. ಸಿಟ್ಟೂ ಬಂತು, ಆಕೆಯ ಮೇಲೆ ಮರುಕವೂ ಆಯಿತು. ಇನ್ನು ಆ ಪ್ಯಾರಾವನ್ನು ನಾನೇ ಎದ್ದು ನಿಂತು ಹೇಳಬೇಕು ಅನ್ನಿಸಿತು. ಮೇಡಂಗೆ ನಾಳೆಯಿಂದ ಬರುವುದಿಲ್ಲ ಎಂದು ಹೇಳಿ ಮನೆಗೆ ಬಂದು ಟ್ರಂಕು ತೆಗೆದೆ. ಅಪ್ಪ ಡಿಗ್ರಿಯ ಮೇಲಿನ ಧೂಳು ಒರೆಸಿ ಕೊಟ್ಟರು.

ಸನದಿನ ಅರ್ಜಿ ಕೊಡುವ ಕಚೇರಿಯಲ್ಲಿ ಕೌಂಟರಿನ ಹಿಂದೆ ಒಬ್ಬ ವಯಸ್ಸಾದ ಗುಮಾಸ್ತರಿದ್ದರು. ಪಾಸಾಗಿ ಇಷ್ಟು ವರ್ಷ ಏನು ಮಾಡುತ್ತಿದ್ದೆಯಮ್ಮ ಎಂದು ತೆಲುಗಿನಲ್ಲಿ ಕೇಳಿದರು. ಒಬ್ಬ ವಕೀಲರ ಹತ್ತಿರ ಕಲಿಯುತ್ತಿದ್ದೆ ಎಂದೆ. ಅವರ ಹತ್ತಿರವೇ ಮುಂದುವರಿಯುತ್ತೀಯೇನು ಎಂದರು. ಅವರು ಈಗಿಲ್ಲ ಎನ್ನುವಷ್ಟರಲ್ಲಿ ನನಗೆ ಗೊತ್ತಿಲ್ಲದೆ ಕಣ್ಣೀರು ಬಂತು. ಅವರು ತೀರಿಕೊಂಡರೆಂದು ತಿಳಿದು ಗುಮಾಸ್ತರು ಪೆನ್ನು ಕೆಳಗಿಟ್ಟು ಸಮಾಧಾನ ಹೇಳಿದರು. ನಾನು ತಿದ್ದಲಿಲ್ಲ.