ಸ್ಕೋಪಿನೊಳಗಿನ ಧೂಳು

ನಮ್ಮ ಮನೆಯಲ್ಲಿ ಹಳೆಯ ಸೀರೆಯೊಂದರ ತುಂಡು ಇದೆ. ತೊಳೆದು ತೊಳೆದು ಹಾಲಿನ ಕೆನೆಯಷ್ಟು ಮೆತ್ತಗಾದ ಆ ಅರಿವೆಯನ್ನು ನನ್ನ ಹೆಂಡತಿ ಸುಗಲಾಬಾಯಿ ಮೊಮ್ಮಗಳ ಮೂಗು ಒರೆಸಲೆಂದು ಎತ್ತಿಟ್ಟಿದ್ದಳು. ಅದು ಹೇಗೋ ನನ್ನ ಪಾಲಿಗೆ ಬಂತು. ವಾಡಿಯಂಥ ಸಿಮೆಂಟಿನ ಊರಿನಲ್ಲಿ ಸಂಸಾರ ಹೂಡಿದವರಿಗೆ ಒರೆಸುವ ಅರಿವೆಯ ಮಹಿಮೆಯನ್ನು ಯಾರೂ ಬೋಧಿಸಬೇಕಿಲ್ಲ. ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಮಧ್ಯಾಹ್ನಕ್ಕೆ ಬೆರಳಿನಿಂದ ಹೆಸರು ಬರೆಯಬಹುದು. ಕನ್ನಡಿ ಮಂಕಾಯಿತೋ ಧೂಳು, ಟೀವಿ ಮಸುಕಾಯಿತೋ ಧೂಳು, ಅಳಿಯನ ಮುಖ ಸಪ್ಪಗಾಯಿತೋ, ಪಾಪ, ಅದಕ್ಕೂ ಧೂಳೇ. ಹೀಗಾಗಿ ನನ್ನ ರೈಫಲ್ಲಿನ ಸ್ಕೋಪಿನಲ್ಲಿ, ಅಂದರೆ ದೂರದ ಗುರಿಯನ್ನು ಹತ್ತಿರಕ್ಕೆ ತಂದು ತೋರಿಸುವ ಆ ಪುಟ್ಟ ದುರ್ಬೀನಿನಲ್ಲಿ, ಗುರಿಯ ನಟ್ಟನಡುವೆ ಮಬ್ಬು ಕಟ್ಟತೊಡಗಿದಾಗ ನಾನು ಮಾಡಿದ್ದು ಊರಿನವರೆಲ್ಲ ಮಾಡುವ ಕೆಲಸವನ್ನೇ. ಆ ಅರಿವೆ ತೆಗೆದುಕೊಂಡು ಒರೆಸಿದೆ.

ನೀವು ಕೇಳಬಹುದು, ಗೂಡ್ಸ್ ಗಾಡಿ ಓಡಿಸಿ ನಿವೃತ್ತನಾದ ಈ ಮುದುಕನಿಗೆ ರೈಫಲ್ಲಿನ ಉಸಾಬರಿ ಯಾಕೆ ಅಂತ. ನನ್ನ ಹೆಂಡತಿಯೂ ಅದನ್ನೇ ಕೇಳುತ್ತಾಳೆ, ಇಷ್ಟು ಮೆತ್ತಗಲ್ಲ. ಉತ್ತರ ಬೇಕಾದರೆ ನಿಮ್ಮನ್ನು ಒಮ್ಮೆ ಎಂಜಿನ್ನಿನೊಳಗೆ ಹತ್ತಿಸಬೇಕು. ಹತ್ತಿದವರೆಲ್ಲ ಮೊದಲು ಹುಡುಕುವುದು ಸ್ಟೇರಿಂಗನ್ನು. ಅದು ಅಲ್ಲಿಲ್ಲ! ಹೋಗುವುದು, ನಿಲ್ಲುವುದು, ಇವೆರಡು ಮಾತ್ರ ಚಾಲಕನ ಕೈಯಲ್ಲಿ; ಎತ್ತ ಹೋಗಬೇಕೆಂಬುದನ್ನು ಹಳಿ ನಿರ್ಧರಿಸುತ್ತದೆ, ಹಳಿಯನ್ನು ಇನ್ಯಾರೋ ನಿರ್ಧರಿಸಿರುತ್ತಾರೆ. ಆಯುಷ್ಯವಿಡೀ ಸಾವಿರಾರು ಟನ್ ಸುಣ್ಣದಕಲ್ಲು, ಕಲ್ಲಿದ್ದಲು ಎಳೆದುಕೊಂಡು ತಿರುಗಿದವನು ನಾನು, ಒಂದು ಗೇಣು ಎಡಕ್ಕೋ ಬಲಕ್ಕೋ ನನ್ನಿಚ್ಛೆಯಂತೆ ಹೊರಳಿದ್ದಿಲ್ಲ. ಹಾಗಿರುವಾಗ ನಿವೃತ್ತಿಯ ಮೇಲೆ ಶಹಾಬಾದಿನ ಆಚೆ ಬರಿದಾದ ಕಲ್ಲುಗಣಿಯೊಂದರಲ್ಲಿ ಕೆಲವರು ಪರವಾನಗಿ ಪಡೆದು ನಡೆಸುವ ಸಣ್ಣ ರೈಫಲ್ ಕ್ಲಬ್ಬಿಗೆ ಹೋಗಿ, ಕಲ್ಲುಹಾಸಿನ ಮೇಲೆ ಬೋರಲು ಮಲಗಿ, ಉಸಿರು ಹಿಡಿದು, ಇನ್ನೂರು ಮೀಟರು ದೂರದ ಕಾಗದದ ಮೇಲಿನ ಕಪ್ಪು ಬೊಟ್ಟಿಗೆ ಮೊದಲ ಬಾರಿ ಗುಂಡು ತಾಗಿಸಿದಾಗ ನನಗಾದ ಹರ್ಷವನ್ನು ಹೇಗೆ ಹೇಳಲಿ? ಇಂಥಲ್ಲಿಗೇ ಹೋಗು ಎಂದೆ, ಅದು ಅಲ್ಲಿಗೇ ಹೋಯಿತು. ಹಕ್ಕಿ ಹೊಡೆಯುವ ಆಸೆ ನನಗಿಲ್ಲ, ಹಂದಿ ಹೊಡೆಯುವ ಆಸೆಯೂ ಇಲ್ಲ. ಕಾಗದ ಸಾಕು.

ಕಣ್ಣಿನ ಬಗ್ಗೆ ನನಗೆ ಸ್ವಲ್ಪ ಸೊಕ್ಕೂ ಇತ್ತೆನ್ನಿ. ರೈಲ್ವೆ ವೈದ್ಯರ ಮುಂದೆ ಕೂತು ಕಟ್ಟಕಡೆಯ ಸಾಲಿನ ಇರುವೆಯಂಥ ಅಕ್ಷರಗಳನ್ನು ಗಿಳಿಯ ಹಾಗೆ ಒಪ್ಪಿಸಿ ಬರುತ್ತಿದ್ದವನು. ಕಣ್ಣಿನಿಂದ ಅನ್ನ ತಿಂದವನು. ಅಂಥವನ ಗುಂಡುಗಳು ಈ ಬೇಸಗೆಯ ಹೊತ್ತಿಗೆ ಹಾಳೆಯ ಮೇಲೆ ಸಗಣಿ ಎರಚಿದ ಹಾಗೆ ಚದುರತೊಡಗಿದವು. ಗುರಿ ತಪ್ಪಿದರೆ ಪ್ರಪಂಚವೇನೂ ಮುಳುಗುವುದಿಲ್ಲ, ನಿಜ. ಆದರೆ ಇದೊಂದನ್ನೂ ಬಿಟ್ಟರೆ ನಾನು ಮತ್ತೆ ಹಳಿಯ ಮೇಲಿನ ಮನುಷ್ಯನೇ, ಅದೂ ಎಂಜಿನ್ನಿಲ್ಲದವನು.

ಅದಕ್ಕೇ ಹೊಸ ಸ್ಕೋಪು ಕೊಳ್ಳುವುದೆಂದು ಠರಾಯಿಸಿದೆ. ಅಯ್ಯೋ, ಆ ಆಯ್ಕೆಯ ಪಾಡು! ವರ ಹುಡುಕುವಾಗಲೂ ನಾವು ಇಷ್ಟು ವಿಚಾರಿಸಿರಲಿಲ್ಲ. ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜು ಎಷ್ಟು ಅಗಲ, ತಿರುಪು ತಿರುವಿದಾಗ ಕಟಕಟ ಅನ್ನುವ ಒಂದೊಂದು ಸದ್ದಿಗೆ ಗುಂಡು ಎಷ್ಟು ಸರಿಯುತ್ತದೆ, ಒಳಗಿನ ಅಡ್ಡಗೆರೆ ಉದ್ದಗೆರೆಗಳು ದಪ್ಪವೋ ತೆಳುವೋ, ಒಂದೇ ಎರಡೇ. ಓಡುವ ಗಾಡಿಯಿಂದ ನೋಡಿದರೆ ಹತ್ತಿರದ ಕಂಬ ಹಿಂದೆ ಓಡುತ್ತದೆ, ದೂರದ ಗುಡ್ಡ ನಮ್ಮ ಜೊತೆಗೇ ಬರುತ್ತದೆಯಲ್ಲ? ಸ್ಕೋಪಿನೊಳಗೂ ಹಾಗೆಯೇ; ತಲೆ ಕೂದಲೆಳೆಯಷ್ಟು ಅಲುಗಿದರೆ ಗೆರೆಗಳು ಗುರಿಯ ಮೇಲಿಂದ ಜಾರುತ್ತವೆ, ಆ ಮೋಸವನ್ನು ತಿದ್ದಲು ಬದಿಯಲ್ಲಿ ಬೇರೊಂದು ತಿರುಪು. ಇವನ್ನೆಲ್ಲ ಓದಿ, ಮೊಬೈಲಿನಲ್ಲಿ ನೋಡಿ, ನಾನು ಮನಸೋತದ್ದು ಮಾತ್ರ ಇಪ್ಪತ್ತೈದು ಪಟ್ಟು ಹಿಗ್ಗಿಸುವ ಒಂದು ಭಾರೀ ಸ್ಕೋಪಿಗೆ. ಮಬ್ಬಾಗಿ ಕಾಣುವುದನ್ನು ದೊಡ್ಡದು ಮಾಡಿದರೆ ಸ್ಪಷ್ಟವಾದೀತು ಎಂಬುದು ನನ್ನ ಲೆಕ್ಕಾಚಾರ.

"ಅದು ರೈಫಲ್ಲಿನ ಮ್ಯಾಲ ಕುಂದ್ರತದೋ, ರೈಫಲ್ಲೇ ಅದರ ಮ್ಯಾಲ ಕುಂದ್ರತದೋ?" ಎಂದಳು ಸುಗಲಾಬಾಯಿ, ಚಿತ್ರ ನೋಡಿ.

ನನ್ನ ಗೆಳೆಯ ರಜಾಕನೂ ಬೇಡವೆಂದ. ಅವನು ಎಂಜಿನ್ನಿನಲ್ಲಿ ಬಹಳ ವರ್ಷ ನನ್ನ ಸಹಾಯಕನಾಗಿದ್ದವನು. ಈಗ ಕ್ಲಬ್ಬಿನಲ್ಲಿ ನನ್ನ ಪಕ್ಕ ಕುಳಿತು, ಮುಕ್ಕಾಲಿಯ ಮೇಲಿಟ್ಟ ತನ್ನ ದುರ್ಬೀನಿನಿಂದ ನೋಡಿ, ಗುಂಡು ಎಲ್ಲಿ ಬಿತ್ತೆಂದು ಹೇಳುವವನು. ಶಹಾಬಾದಿನ ಗಣಿಯಲ್ಲಿ ಸೂರ್ಯ ನೆತ್ತಿಗೇರುವ ಮೊದಲೇ ಕಲ್ಲುಹಾಸು ಕಾಯ್ದು ಝಳ ಎದ್ದು, ಗುರಿಹಲಗೆ ನೀರಿನೊಳಗೆ ನಿಂತಂತೆ ಬಳುಕುತ್ತದೆ. "ಉಸ್ತಾದ, ಇಪ್ಪತ್ತೈದು ಪಟ್ಟು ಮಾಡಿದ್ರ ಬಿಸಿಲುಗುದುರೀನೂ ಇಪ್ಪತ್ತೈದು ಪಟ್ಟು ಕುಣೀತದ. ನಿಮಗ ಗುರಿ ಬೇಕೋ, ಕುದುರಿ ಬೇಕೋ?" ಎಂದ. ಅವನ ಮಾತು ಸರಿಯೇ ಇತ್ತು. ಸರಿಯಾದ ಮಾತಿಗೆ ಸಿಟ್ಟು ಬರುವುದು ಹೆಚ್ಚು, ನನಗಂತೂ ಬಂತು.

ಆಗ ನಡುವೆ ಬಂದವರು ಚನ್ನಾರೆಡ್ಡಿ. ಚಿಂಚೋಳಿ ಕಡೆಯ ಗುತ್ತಿಗೆದಾರರು, ತೆಲುಗಿನ ಗಾಳಿ ತಾಗಿದ ಕನ್ನಡ, ಧಾರಾಳ ಕೈ. ಕ್ಲಬ್ಬಿನಲ್ಲಿ ಎಲ್ಲರಿಗಿಂತ ಹೆಚ್ಚು ಸ್ಕೋಪು ಇಟ್ಟುಕೊಂಡವರು. "ಸುಮ್ಮ ಜಗಳ ಎದಕ್ಕ? ನನ್ನವು ನೋಡ್ರಿ ಅಣ್ಣ, ಯಾವುದು ಮನಸಿಗೆ ಬರ್ತದೋ ಅಂಥಾದ್ದೇ ತರಸ್ರಿ" ಎಂದು ಡಬ್ಬಿ ಬಿಚ್ಚಿದರು. ಬೆಳಗಿನ ತಂಪು, ಝಳವಿನ್ನೂ ಎದ್ದಿರಲಿಲ್ಲ. ದೊಡ್ಡದರಲ್ಲಿ ನೋಡಿದೆ. ಗಾಜು ಥಳಥಳಿಸುತ್ತಿತ್ತು, ಹಾಳೆಯ ಅಂಚು ಚೊಕ್ಕವಾಗಿ ಕಾಣುತ್ತಿತ್ತು, ನಟ್ಟನಡುವೆ ಅದೇ ಮಬ್ಬು. ಇನ್ನೊಂದರಲ್ಲಿ ನೋಡಿದೆ, ಅಲ್ಲೂ ಅದೇ ಜಾಗದಲ್ಲಿ ಅದೇ ಮಬ್ಬು. "ನಿಮ್ಮವೂ ಧೂಳು ಹಿಡದಾವ ರೆಡ್ಡಿಯವರೆ" ಎಂದು ಕಿಸೆಯಿಂದ ಅರಿವೆ ತೆಗೆದೆ. ಚನ್ನಾರೆಡ್ಡಿ ತಾವು ನೋಡಿದರು, ರಜಾಕ ನೋಡಿದ. ರೆಡ್ಡಿಯವರು ನನ್ನ ಕೈಯ ಅರಿವೆಯನ್ನು ಮಡಚಿ ಮರಳಿ ನನ್ನ ಕಿಸೆಗೇ ಹಾಕಿದರು.

ಎಂಜಿನ್ ಓಡಿಸುವವರಲ್ಲಿ ಒಂದು ರೂಢಿಯಿದೆ, ಯಾವ ಕಾಯಿದೆಯಲ್ಲೂ ಬರೆದಿರದದ್ದು. ಕಣ್ಣು ಅನ್ನುವ ಶಬ್ದವನ್ನು ಬಾಯಿಂದ ಆಡುವುದಿಲ್ಲ. ಕಣ್ಣು ಹೋದರೆ ಎಂಜಿನ್ನಿನಿಂದ ಇಳಿಸಿ ಮೇಜಿನ ಮುಂದೆ ಕೂರಿಸುತ್ತಾರೆ. ಆ ಭೀತಿ ಎಂಥದೆಂದರೆ, ಚೆನ್ನಾಗಿ ಕಾಣುವವರು ಕೂಡ ಹಾವಿನ ಹೆಸರು ಹೇಳದವರಂತೆ ಅದನ್ನು ತಪ್ಪಿಸಿಯೇ ಮಾತಾಡುತ್ತಾರೆ. ಮಂಜು ಅನ್ನುತ್ತೇವೆ, ಹೊಗೆ ಅನ್ನುತ್ತೇವೆ, ಗಾಜು ಹೊಲಸಾಗಿದೆ ಅನ್ನುತ್ತೇವೆ. ನಿವೃತ್ತನಾದ ಮೇಲೆ ನನ್ನನ್ನು ಯಾರೂ ಎಲ್ಲಿಂದಲೂ ಇಳಿಸುವಂತಿರಲಿಲ್ಲ, ಆದರೂ ನಾಲಿಗೆ ಹಳೆಯ ದಾರಿಯನ್ನೇ ಹಿಡಿದಿತ್ತು. ರಜಾಕನೂ ಅದೇ ರೂಢಿಯಲ್ಲಿ ಪಳಗಿದವನಲ್ಲವೇ, ಅವನೂ ಆ ಶಬ್ದ ಆಡಲಿಲ್ಲ. "ನಾಳಿ ಸೇಡಂಕ ಹೋಗಿ ಬರೋಣು ನಡೀರಿ, ನನಗೂ ಕೆಲಸ ಅದ" ಎಂದ. ಅವನಿಗೆ ಸೇಡಂನಲ್ಲಿ ಯಾವ ಕೆಲಸವೂ ಇರಲಿಲ್ಲ.

ಸೇಡಂನ ಕಣ್ಣಿನ ಡಾಕ್ಟರಮ್ಮ ನನ್ನ ಮಗಳ ವಯಸ್ಸಿನವರು. ಅಡ್ಡ ಉದ್ದ ಗೆರೆ ಎಳೆದ ಚೌಕಗಳ ಒಂದು ಹಾಳೆ ಕೊಟ್ಟು, ಎಡಗಣ್ಣು ಮುಚ್ಚಿ, ನಾನು ಗುರಿ ಹಿಡಿಯುವ ಬಲಗಣ್ಣಿನಿಂದ ನಡುವಿನ ಚುಕ್ಕೆಯನ್ನು ನೋಡಲು ಹೇಳಿದರು. ಗೆರೆಗಳೆಲ್ಲ ಬಾಗಿ ನಡುವಿಗೆ ಬಂದು ಕರಗಿಹೋದವು. ಚುಕ್ಕೆ ಇರಲೇ ಇಲ್ಲ. ಪೊರೆಯೇನೋ, ತೆಗೆಸಿದರಾಯಿತು ಎಂದುಕೊಂಡು ಧೈರ್ಯದಿಂದ ಕೇಳಿದೆ.

"ಪೊರಿ ಆಗಿದ್ರ ತೆಗದು ಕೈಯಾಗ ಕೊಡ್ತಿದ್ದೆರಿ," ಎಂದರು ಆಕೆ, ನನ್ನ ಮುಖವನ್ನೇ ನೋಡುತ್ತ. "ಇದು ಒಳಗಿನ ಪರದಿ. ನಡುವಿನ ಜಾಗ ಸವದುಹೋಗ್ಯಾದ. ಸುತ್ತಮುತ್ತ ಕಾಣ್ತದ, ಯಾವುದನ್ನ ನೆಟ್ಟಗ ನೋಡ್ತೀರಿ ಅದು ಕಾಣಂಗಿಲ್ಲ. ಹೋಗಿದ್ದು ಬರಂಗಿಲ್ಲರಿ ಕಾಕಾ. ಎಡಗಣ್ಣು ಛಲೋ ಅದ, ಅದನ್ನ ಜ್ವಾಕಿ ಮಾಡ್ರಿ."

ನೆಟ್ಟಗೆ ನೋಡಿದ್ದು ಕಾಣುವುದಿಲ್ಲ! ಮರಳುವಾಗ ಚಿತ್ತಾಪುರದ ತನಕ ಬಸ್ಸಿನಲ್ಲಿ ಅದನ್ನೇ ಮೆಲುಕು ಹಾಕಿದೆ. ಬಲಗಣ್ಣಿನಿಂದ ರಜಾಕನ ಮುಖ ನೋಡಿದರೆ ಕಿವಿ ಕಾಣುತ್ತಿತ್ತು, ಟೊಪ್ಪಿಗೆ ಕಾಣುತ್ತಿತ್ತು, ಗಡ್ಡ ಕಾಣುತ್ತಿತ್ತು, ಮುಖ ಇರಲಿಲ್ಲ. ಬದುಕಿನಲ್ಲಿ ನಾವು ಬಹಳವಾಗಿ ಬಯಸಿದ್ದರ ಗತಿಯೂ ಇದೇ ಇರಬಹುದೇನೋ ಎಂದೆಲ್ಲ ವೇದಾಂತ ಹೊಳೆಯಿತು. ಹೊಳೆದ ಮರುಕ್ಷಣವೇ ಆ ವೇದಾಂತದ ಮೇಲೆ ಅಸಹ್ಯವೂ ಆಯಿತು. ಕಣ್ಣು ಹೋದವನಿಗೆ ಬೇಕಾದದ್ದು ಕಣ್ಣು, ತತ್ತ್ವವಲ್ಲ. ಮನೆಗೆ ಬಂದು ರೈಫಲ್ಲನ್ನು ಅಲಮಾರಿಯಲ್ಲಿಟ್ಟು ಬೀಗ ಜಡಿದೆ. ಊಟದ ಮೇಲೆ ಸಿಟ್ಟು, ಉಪ್ಪಿನ ಮೇಲೆ ಸಿಟ್ಟು, ಮೊಮ್ಮಗಳು ನಕ್ಕರೂ ಸಿಟ್ಟು.

ಸುಗಲಾಬಾಯಿ ಕೆಲವು ದಿನ ನೋಡಿದಳು, ಆಮೇಲೆ ಒಂದು ಮಧ್ಯಾಹ್ನ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನೆದುರು ನಿಂತಳು. "ನಿಮ್ಮ ಕರೆಂಟಿನ ಎಂಜಿನ್ನಿಗಿ ಎರಡೂ ಕಡಿ ಗಾಡಿ ನಡಸೂ ಕೋಲಿ ಇರ್ತಾವಂತ ನೀವೇ ಹೇಳೀರಿ. ಈ ಕಡಿ ಕೆಟ್ಟು ನಿಂತ್ರ ಏನ್ ಮಾಡ್ತಿದ್ರಿ?"

"ಆ ಕಡಿ ಕೋಲಿಗಿ ಹೋಗಿ ಅಲ್ಲಿಂದ ನಡಸ್ತಿದ್ದೆ."

"ಹಂಗಾರ ಎದ್ದು ಹೋಗ್ರಿ. ಇಲ್ಲೇ ಕುಂತು ನನ್ನ ಜೀವ ಎದಕ್ಕ ತಿನ್ನಾಕತ್ತೀರಿ?"

ಅಷ್ಟಂದು ಮತ್ತೆ ರೊಟ್ಟಿ ಬಡಿಯಲು ಕುಳಿತಳು. ಆಕೆಯ ತಲೆಯ ಮೇಲಿನ ಸೆರಗಿನ ಮೇಲೆ ಹಿಟ್ಟು ಬಿದ್ದಿತ್ತು. ಎಡಗಣ್ಣಿನಿಂದ ನೋಡಿದೆ, ಸ್ವಚ್ಛವಾಗಿ ಕಂಡಿತು.

ಆದರೆ ಗೆಳೆಯರೇ, ಎಡಗಣ್ಣಿಗೆ ಹೋಗುವುದೆಂದರೆ ಬರೀ ಕಣ್ಣನ್ನು ಬದಲಿಸಿದಂತಲ್ಲ. ಎಡಭುಜ, ಎಡಗೆನ್ನೆ, ಎಡಗೈಯ ತೋರುಬೆರಳು, ಎಲ್ಲವೂ ಬದಲಾಗಬೇಕು. ಅರವತ್ತು ದಾಟಿದ ದೇಹ ಅದಕ್ಕೆ ಸುತರಾಂ ಒಪ್ಪುವುದಿಲ್ಲ. ಶಹಾಬಾದಿಗೆ ಹೋಗಿ ಕಲ್ಲಿನ ಮೇಲೆ ಮಲಗಿದಾಗ ಹೊಸ ಸೊಸೆ ಅತ್ತೆಯ ಅಡುಗೆಮನೆಯಲ್ಲಿ ತಡಕಾಡುವಂತೆ ತಡಕಾಡಿದೆ. ಗುಂಡು ತುಂಬುವ ಬೋಲ್ಟು ಬಲಗಡೆ ಇರುವುದರಿಂದ ಪ್ರತಿಸಲ ರೈಫಲ್ಲಿನ ಮೇಲಿಂದ ಕೈ ಹಾಯಿಸಬೇಕು. ಚನ್ನಾರೆಡ್ಡಿ ತಮ್ಮ ದೊಡ್ಡ ಸ್ಕೋಪನ್ನೇ ಕೂರಿಸಿಕೊಟ್ಟಿದ್ದರು. ಅದರಲ್ಲಿ ನೋಡಿದರೆ ನನ್ನ ಎಡಭುಜದ ಅಳುಕು, ಎದೆಯ ಬಡಿತ, ಎಲ್ಲ ಇಪ್ಪತ್ತೈದು ಪಟ್ಟು ದೊಡ್ಡದಾಗಿ ಗುರಿ ದಿಕ್ಕುಗೆಟ್ಟು ಓಡಾಡುತ್ತಿತ್ತು. ಆಗ ತಿಳಿಯಿತು, ನಾನು ಇಷ್ಟುದಿನ ಸ್ಕೋಪು ಹುಡುಕಿದ್ದು ನನಗಿದ್ದ ಕಣ್ಣಿಗೆ, ನನಗಿರುವ ಮೈಗೆ ಅಲ್ಲ. "ರೆಡ್ಡಿಯವರೆ, ಆ ಸಣ್ಣದು ಹಾಕ್ರಿ" ಎಂದೆ. ಅವರ ಡಬ್ಬಿಯ ತಳದಲ್ಲಿದ್ದ, ಹತ್ತೇ ಪಟ್ಟು ತೋರಿಸುವ, ದಪ್ಪ ಗೆರೆಗಳ ಹಳೇ ಸ್ಕೋಪದು; ಅವರು ಅನುಮಾನದಿಂದಲೇ ಕೂರಿಸಿ, ಗೆರೆ ನೆಟ್ಟಗಿದೆಯೇ ನೋಡಿ ಕೊಟ್ಟರು.

ಕೆನ್ನೆಯನ್ನು ರೈಫಲ್ಲಿನ ಹಿಂಬದಿಯ ಮರಕ್ಕೆ ಆನಿಸಿದೆ. ಮೊದಲು ಕತ್ತಲು, ಆಮೇಲೆ ತಲೆ ಕೊಂಚ ಹಿಂದೆ ಸರಿಸಿದೊಡನೆ ಬೆಳಕಿನ ದುಂಡು ಬಿಚ್ಚಿಕೊಂಡಿತು. ಗಣಿಯ ಬೂದುಗೋಡೆ, ಹಲಗೆ, ಹಾಳೆ, ಹಾಳೆಯ ಮೇಲೆ ಕಪ್ಪು ಬೊಟ್ಟು, ಬೊಟ್ಟಿನ ನಡುವೆ ಅಡ್ಡಗೆರೆಯೂ ಉದ್ದಗೆರೆಯೂ ಕೂಡುವ ಜಾಗ. ಪೂರ್ತಿ ಕಾಣುತ್ತಿತ್ತು! ಸಣ್ಣದಾಗಿ, ಅಲುಗುತ್ತ, ಆದರೆ ಪೂರ್ತಿಯಾಗಿ. ಎಷ್ಟೋ ತಿಂಗಳಿಂದ ನೋಡಿರಲಿಲ್ಲ ಅದನ್ನು. ಕಣ್ಣು ತುಂಬಿ ಗುರಿ ಕಲಸಿಹೋಯಿತು. ಒರೆಸಿಕೊಂಡು, ಮತ್ತೆ ಕೆನ್ನೆಯಿಟ್ಟು, ಉಸಿರು ಬಿಟ್ಟು, ಪಳಗದ ಎಡಬೆರಳಿನಿಂದ ರೈಫಲ್ಲಿನ ಕುದುರೆ ಎಳೆದೆ.

ರಜಾಕ ಬಹಳ ಹೊತ್ತು ತನ್ನ ದುರ್ಬೀನಿನಲ್ಲಿ ನೋಡಿದ. "ಉಸ್ತಾದ, ಹಾಳ್ಯಾಗ ಇಲ್ಲ. ಹಲಗ್ಯಾಗೂ ಇಲ್ಲ. ಎಲ್ಲಿ ಹೋತೋ ಖುದಾನೇ ಬಲ್ಲ" ಎಂದ, ನನ್ನತ್ತ ನೋಡಲು ಅಳುಕುತ್ತ.

"ನನ್ನ ಎಡಗಣ್ಣು ಇನ್ನಾ ಹೊಸಾದು, ಕಲೀತದ," ಎಂದೆ. ಕಣ್ಣು ಎಂಬ ಶಬ್ದ ಅಷ್ಟು ಸಲೀಸಾಗಿ ಬಾಯಿಂದ ಬಿತ್ತು. ರಜಾಕ ಬೆಚ್ಚಿ ತಲೆಯೆತ್ತಿದ. ನಾನು ಅಂಗೈ ಚಾಚಿದೆ. "ಎದಕ್ಕ ನೋಡ್ತಿ? ಇನ್ನೊಂದು ಗುಂಡು ಕೊಡು."