ಚಕ್ಕಡಿಯಲ್ಲಿ ಖಾಲಿ ಉಳಿದ ಜಾಗ

ಸರ್ಕಾರಿ ಶಾಲೆ ತೆರೆಯುವ ದಿನ ಒಂದನೆಯ ಇಯತ್ತೆಯ ಮಕ್ಕಳನ್ನು ಚಕ್ಕಡಿಯಲ್ಲಿ ಕೂಡಿಸಿ ಓಣಿ ತಿರುಗಿಸುವುದು ನಮ್ಮೂರ ಪದ್ಧತಿ. ಚಕ್ಕಡಿ ನಮ್ಮ ಮನೆಯದು. ನಾನು ಎರಡನೆಯ ಇಯತ್ತೆಗೇ ಶಾಲೆ ಬಿಟ್ಟವಳು, ಆದರೂ ಆ ದಿನ ಎತ್ತುಗಳ ಮುಂದೆ ನಡೆಯುವವಳು ನಾನೇ.

ನನ್ನ ಮಗ ಕಲಿಯುವಾಗ ಎಲ್ಲ ಓಣಿಗಳ ಮಕ್ಕಳೂ ಒಂದೇ ಗೋಣಿತಟ್ಟಿನ ಮೇಲೆ ಕೂಡುತ್ತಿದ್ದರು. ಈಗ ಹೊಲ, ಅಂಗಡಿ ಇದ್ದವರ ಮಕ್ಕಳು ಹಳದಿ ವ್ಯಾನು ಹತ್ತಿ ಬೈಲಹೊಂಗಲದ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಇಲ್ಲಿ ಉಳಿದವರು ಕೂಲಿಯವರ ಮಕ್ಕಳು. ಈ ವರ್ಷ ಹೊಸ ಮಕ್ಕಳು ಸಾಲದಿದ್ದರೆ ಶಾಲೆಯನ್ನೇ ಮುಚ್ಚಿ ಪಕ್ಕದೂರಿನದಕ್ಕೆ ಸೇರಿಸುತ್ತಾರೆಂದು ಹೆಡ್ ಮಾಸ್ತರರು ಹೇಳಿ, ನನ್ನ ಬಾಯಿ ಜೋರೆಂದು ನನ್ನನ್ನೇ ಮನೆ ಮನೆಗೆ ಕಳಿಸಿದರು.

ನಮ್ಮ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಗಳು ನನ್ನ ಮೊಮ್ಮಗಳ ವಯಸ್ಸಿನ ತನ್ನ ಮಗಳನ್ನು ಮುರಗೋಡದ ಅಣ್ಣನ ಮನೆಯಲ್ಲಿಟ್ಟು ಅಲ್ಲೇ ಓದಿಸುವವಳಿದ್ದಳು. ಬೇಡ, ಇಲ್ಲೇ ಹಾಕು ಎಂದೆ. ಅವಳು ಒಂದೇ ಮಾತು ಕೇಳಿದಳು.

"ನಿಮ್ಮ ಮೊಮ್ಮಗಳನ್ನ ಎಲ್ಲಿ ಹಾಕ್ತೀರಿ, ಯವ್ವಾ?"

"ನಿನ್ನ ಮಗಳ ಬಾಜೂಕ ಕುಂದರಸ್ತೇನಿ," ಎಂದೆ. ಅವಳು ಅಣ್ಣನಿಗೆ ಬೇಡವೆಂದು ಹೇಳಿ ಕಳಿಸಿದಳು.

ರಾತ್ರಿ ಊಟಕ್ಕೆ ಕುಳಿತ ಮಗನ ಮುಂದೆ ಇದನ್ನೆಲ್ಲ ಹೇಳಿದೆ. ಅವನು ಇನ್ನೊಂದು ರೊಟ್ಟಿ ಕೇಳಿದ. ಶಾಲೆ ತೆರೆಯುವ ಹಿಂದಿನ ದಿನ ಚಕ್ಕಡಿ ತೊಳೆದವನೂ ಅವನೇ.

ಮರುದಿನ ಬೆಳಿಗ್ಗೆ ನಾನು ಹಿತ್ತಲಲ್ಲಿ ಎತ್ತಿನ ಬೆನ್ನಿಗೆ ಬಣ್ಣದ ಜೂಲು ಹೊದಿಸುತ್ತಿದ್ದಾಗ ಮೊಮ್ಮಗಳು ಟೈ ಕಟ್ಟಿಕೊಂಡು ವ್ಯಾನು ಹತ್ತಿ ಹೋಗಿದ್ದಳು. ಮಗನನ್ನು ಕೇಳಿದೆ.

"ಯುಗಾದಿಗೇ ಆ ಸಾಲ್ಯಾಗ ಸೀಟು ಹಿಡಿದಿದ್ವಿ. ಹೇಳಿದ್ರ ನೀ ಸುಮ್ಮನ ಇರತಿದ್ದೇನು?"

"ನಾ ಮಂದಿ ಬಾಗಲಾ ಬಡಿಯುವಾಗ ನೀ ಸುಮ್ಮನಿದ್ದೆಲ್ಲ."

"ಅಲ್ಲೆ ಯಾರ ಮಕ್ಕಳು ಉಳದಾರ, ನೀನ ನೋಡಬೇ," ಎಂದು ಅವನು ಅಂಗಿ ತೊಟ್ಟುಕೊಂಡ. ಆ ಶಾಲೆಯಲ್ಲೇ ಅಕ್ಷರ ಕಲಿತ ಬಾಯಿ ಅದು.

ಚಕ್ಕಡಿ ಹೊಡೆಸಿಕೊಂಡು ಹೋದೆ. ಆ ಹೆಣ್ಣುಮಗಳು ಮಗಳನ್ನು ಎತ್ತಿ ಕೂಡಿಸಿ ಒಳಗೆ ಕಣ್ಣಾಡಿಸಿದಳು. ನಮ್ಮ ಕೂಸು ವ್ಯಾನಿನಲ್ಲಿ ಹೋಯಿತು, ನನಗೂ ಹೇಳಲಿಲ್ಲ ಎಂದೆ.

"ನಿಮಗ ಯಾರೂ ಹೇಳಿಲ್ಲ, ಖರೆ," ಎಂದಳು. "ನನಗ ನೀವು ಹೇಳಿದ್ರೆಲ್ಲ, ಯವ್ವಾ."

ಮಗಳನ್ನು ಕೆಳಗಿಳಿಸಿ, ಕೈಹಿಡಿದು, ಅದೇ ಶಾಲೆಗೆ ನಡೆಸಿಕೊಂಡು ಹೋದಳು. ಅಣ್ಣನಿಗೆ ಬೇಡವೆಂದ ಮೇಲೆ ಮುರಗೋಡದ ದಾರಿ ಮುಚ್ಚಿತ್ತು.

ಶಾಲೆಯೇನೋ ಈ ವರ್ಷ ಉಳಿಯಿತು. ಅವಳು ಮಾತ್ರ ನಮ್ಮ ಹೊಲಕ್ಕೆ ಬರುವುದಿಲ್ಲ. ಕಳೆ ಎದ್ದಿದೆ, ಹೋಗಿ ಕರಿ ಎನ್ನುತ್ತಾನೆ ಮಗ. ನೀನೇ ಹೋಗಿ ಕರಿ ಎಂದಿದ್ದೇನೆ.