ಚಮಚದ ನೀರು

ಆರು ತಿಂಗಳು ಎದೆಹಾಲೊಂದೇ, ನೀರೂ ಬೇಡ. ಈ ಒಂದು ಮಾತನ್ನು ಹತ್ತೊಂಬತ್ತು ವರ್ಷದಿಂದ ಹೇಳಿ ಹೇಳಿ ತಕ್ಕಡಿ ಅಕ್ಕನ ನಾಲಿಗೆ ಸವೆದಿತ್ತು. ತಿಂಗಳಿಗೊಮ್ಮೆ ಓಣಿಯ ಕೊನೆಯ ಕೋಣೆಯಲ್ಲಿ ತೊಲೆಗೆ ತಕ್ಕಡಿ ನೇತುಹಾಕಿ ಕೂಸುಗಳನ್ನು ತೂಗುವ ಆರೋಗ್ಯ ಕಾರ್ಯಕರ್ತೆ ಅವಳು. ಅಸಲಿ ಹೆಸರು ಗಂಡನಿಗಾದರೂ ನೆನಪಿದೆಯೋ ಇಲ್ಲವೋ. ಹಾಲು ಬಿಟ್ಟು ಬೇರೇನಾದರೂ ಕೊಟ್ಟಿರಾ ಎಂದು ಕೇಳಿದರೆ ತಾಯಂದಿರೆಲ್ಲ ಇಲ್ಲವೆಂದು ತಲೆಯಾಡಿಸುತ್ತಿದ್ದರು. ನೀರನ್ನಂತೂ ಯಾರೂ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಹೋದ ತಿಂಗಳು ದರ್ಜಿಯ ಹೆಂಡತಿ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಎರಡು ತಿಂಗಳ ಚೊಚ್ಚಲ ಮಗು. ಸೆಕೆಗೆ ಗಂಟಲು ಒಣಗುತ್ತದೆಂದು ಅತ್ತೆ ಚಮಚದಲ್ಲಿ ನೀರು ಕುಡಿಸುತ್ತಾರೆ, ದಿನಕ್ಕೆ ಐದಾರು ಸಲ. ಬೇಡ ಅನ್ನಲು ತನಗೆ ಬಾಯಿ ಬರುವುದಿಲ್ಲ. ಏನು ಮಾಡಲಿ ಎಂದು ಕೇಳಿಯೂ ಕೇಳಿದಳು. ಬೆಳಿಗ್ಗೆಯಿಂದ ಸುಳ್ಳು ಕೇಳಿ ಕೇಳಿ ರೋಸಿಹೋಗಿದ್ದ ಅಕ್ಕನಿಗೆ ಪಿತ್ತ ನೆತ್ತಿಗೇರಿತು. ಸುಳ್ಳು ಹೇಳಿದವರ ಮೇಲಿನ ಸಿಟ್ಟೆಲ್ಲ ನಿಜ ಹೇಳಿದವಳ ಮೇಲೆ ಬಿತ್ತು. ಮುಷ್ಟಿಯಷ್ಟಿಲ್ಲದ ಹೊಟ್ಟೆಗೆ ನೀರು ತುಂಬಿದರೆ ಹಾಲಿಗೆಲ್ಲಿ ಜಾಗ, ಅಷ್ಟೂ ತಿಳಿಯದೇ ಎಂದು ಎಲ್ಲರೆದುರು ಚೆನ್ನಾಗಿ ಜಾಡಿಸಿದಳು. ಸಾಲಿನಲ್ಲಿದ್ದವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅವರ ಮನೆಗಳಲ್ಲೂ ಅಂಥದೇ ಚಮಚಗಳಿದ್ದವು.

ಈ ತಿಂಗಳು ಅದೇ ಮಗುವನ್ನು ತೂಗಿದರೆ ಮುಳ್ಳು ಹೋದ ಸಲದ ಗೆರೆ ಬಿಟ್ಟು ಕದಲಲಿಲ್ಲ. ಅಕ್ಕ ದರ್ಜಿಯ ಹೆಂಡತಿಯ ಕಡೆ ತಿರುಗಿದಳು.

"ಇನ್ನೂ ನೀರು ಕೊಡ್ತಿದ್ದೀಯಾ?"

"ಇಲ್ಲಕ್ಕ. ಬರೀ ಹಾಲು."

ಅವಳ ಕೈಚೀಲದಿಂದ ಚಮಚದ ಹಿಡಿ ಇಣುಕುತ್ತಿತ್ತು. ಇವಳಿಗೆ ಸುಳ್ಳು ಕಲಿಸಿದವಳು ತಾನೇ ಎಂದು ಅಕ್ಕನಿಗೆ ಹೊಳೆಯಿತು, ತನ್ನ ಮೇಲೆಯೇ ಅಸಹ್ಯವಾಯಿತು. ತೂಕ ಬರೆಯುವ ಪುಸ್ತಕ ಮುಚ್ಚಿಟ್ಟು ಅವಳ ಪಕ್ಕ ನೆಲದ ಮೇಲೆ ಕೂತಳು.

"ಮಗು ಸೊರಗ್ತಾ ಇದೆ ಕಣಮ್ಮ. ನಿಜ ಹೇಳು, ನಾನು ಬೈಯಲ್ಲ."

ಅವಳು ಚಮಚವನ್ನು ಚೀಲದೊಳಕ್ಕೆ ತಳ್ಳಿ, ಮಗುವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು.

"ಅವತ್ತು ನಿಜಾನೇ ಹೇಳಿದ್ನಲ್ಲ ಅಕ್ಕ."

ಅಕ್ಕ ಚಪ್ಪಲಿ ಹುಡುಕಿ ಮೆಟ್ಟಿಕೊಳ್ಳುವಷ್ಟರಲ್ಲಿ ಅವಳು ಓಣಿಯ ತಿರುವು ದಾಟಿಯಾಗಿತ್ತು. ಆ ಅತ್ತೆಯ ಹತ್ತಿರ ಹೋದ ತಿಂಗಳೇ ಹೋಗಬೇಕಿತ್ತು. ಆದರೆ ಹತ್ತೊಂಬತ್ತು ವರ್ಷದಲ್ಲಿ ಅಕ್ಕ ಯಾರ ಮನೆಯ ಹೊಸ್ತಿಲನ್ನೂ ತುಳಿದವಳಲ್ಲ. ದರ್ಜಿಯ ಮನೆ ಯಾವುದೆಂದು ಸಾಲಿನಲ್ಲಿದ್ದವರನ್ನು ಕೇಳಿದಳು. ಗೊತ್ತಿಲ್ಲವೆಂದು ಎಲ್ಲರೂ ತಲೆಯಾಡಿಸಿದರು.